ಆ ಸಾಲು ನನ್ನದಲ್ಲ

ಗುರುವಾರ, ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ

ಪುಟ್ಟಿ,

ಅಮ್ಮ ಫೋನ್ ಮಾಡದೆ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಹುಷಾರಾಗಿಯೇ ಇದ್ದೇನೆ. ನಿನ್ನ ದನಿ ಕೇಳಿದರೆ ಬೇರೇನೋ ಮಾತಾಡಿ ಫೋನ್ ಇಟ್ಟುಬಿಡುತ್ತೇನೆ, ಅದಕ್ಕೆ. ಇಷ್ಟು ಬರೆಯುವುದರೊಳಗೆ ಒಮ್ಮೆ ಎದ್ದು ಬಟ್ಟೆ ಹರವಿದೆ, ಇನ್ನೊಮ್ಮೆ ಸುಮ್ಮನೆ ಬಾಗಿಲವರೆಗೆ ಹೋಗಿ ಬಂದೆ.

ನಾನು ಓದುತ್ತಿರುವ ಹಿರಿಯರ ಆರೈಕೆಯ ಕೋರ್ಸಿಗೆ ನಿನ್ನ ಅಪ್ಪನ ಆಸ್ಪತ್ರೆಯ ದಿನಗಳ ಬಗ್ಗೆ ಪ್ರಬಂಧ ಬರೆದು ನಿನಗೂ ಕಳಿಸಿದ್ದೆನಲ್ಲ. ಕೊನೆಯ ಗಳಿಗೆಯಲ್ಲಿ ಅವರು ನಿನ್ನನ್ನು ಕರೆದರು, ಮಗಳು ಬಂದೇ ಬರುತ್ತಾಳೆ ಎಂದು ನಕ್ಕರು ಅಂತ ಅದರಲ್ಲಿ ಇತ್ತು. ನೀನು ಫೋನಿನಲ್ಲಿ ಅತ್ತುಬಿಟ್ಟೆ. “ನಾನು ಬರೋದು ತಡ ಆಯ್ತು ಅಂತ ಬೇಜಾರು ಮಾಡ್ಕೊಳ್ಳದೆ ಹೋದ್ರಲ್ಲ ಅಮ್ಮ, ನನಗಷ್ಟು ಸಾಕು” ಅಂದೆ.

ಆ ಸಾಲು ನನ್ನದಲ್ಲ, ಪುಟ್ಟಿ.

ನೀನೇ ಮೊಬೈಲಿಗೆ ಹಾಕಿಕೊಟ್ಟ ಎಐಗೆ, ನನ್ನ ಬರಹ ಎಲ್ಲೋ ಅರ್ಧಕ್ಕೆ ನಿಂತ ಹಾಗಿದೆ, ಸರಿಮಾಡಿಕೊಡು ಎಂದು ಕೇಳಿದ್ದೆ. ಅದು ಕಾಗುಣಿತ ತಿದ್ದಿತು, ಕೊನೆಗೆ ಈ ಸಾಲನ್ನೂ ತಾನೇ ಸೇರಿಸಿತು. ಹೀಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅಳಿಸಲು ಮನಸ್ಸು ಬರಲಿಲ್ಲ.

ಮೊನ್ನೆ ನಮ್ಮ ಕೋರ್ಸಿನ ಮೇಡಂ ಕರೆದು, ಆ ಭಾಗವನ್ನು ತರಗತಿಯಲ್ಲಿ ಓದಿ ಎಂದರು. ಎಐ ಬಳಸಿದ್ದರೆ ಏನೇನಕ್ಕೆ ಎಂದು ಪ್ರಬಂಧದ ಕೊನೆಯಲ್ಲಿ ಹೇಳಬೇಕು ಎನ್ನುವುದು ವಿಶ್ವವಿದ್ಯಾಲಯದ ನಿಯಮ. ಪಕ್ಕದಲ್ಲಿ ಕೂರುವ ಹುಡುಗಿ, “ಭಾಷೆ ತಿದ್ದೋಕೆ ಅಂತ ಹಾಕ್ಬಿಡಿ ಆಂಟಿ, ಯಾರು ನೋಡ್ತಾರೆ” ಎಂದಿದ್ದಳು, ನಾನೂ ಹಾಗೇ ಹಾಕಿದ್ದೆ. ಓದಲು ಎದ್ದು ನಿಂತೆ. ಆ ಸಾಲಿನ ಹತ್ತಿರ ಬರುತ್ತಿದ್ದಂತೆ ಓದು ನಿಲ್ಲಿಸಿ ಕೂತುಬಿಟ್ಟೆ. ಎಲ್ಲರೂ ದುಃಖ ಉಕ್ಕಿ ಬಂತು ಎಂದುಕೊಂಡರು. ಒಬ್ಬಳು ನೀರಿನ ಬಾಟಲಿ ಕೊಟ್ಟಳು. ಅದು ಇನ್ನೂ ಕಷ್ಟವಾಯಿತು.

ತರಗತಿ ಮುಗಿದ ಮೇಲೆ ಮೇಡಂಗೆ ಹೇಳಿದೆ. ನಿನಗಿಂತ ಚಿಕ್ಕವರಿರಬೇಕು. ಬೈಯಲಿಲ್ಲ. “ಬಳಸಿದ್ದು ತಪ್ಪಲ್ಲಮ್ಮ. ಆದ್ರೆ ಇದು ಭಾಷೆ ತಿದ್ದಿದ್ದಲ್ವಲ್ಲ,” ಎಂದರು. ಮತ್ತೆ ಬರೆದುಕೊಡಲು ಸೋಮವಾರದವರೆಗೆ ಸಮಯ ಕೊಟ್ಟರು. ಆ ಸಾಲು ತೆಗೆದೆ. ಅದು ಎಲ್ಲಿತ್ತು, ಯಾರು ಬರೆದದ್ದು, ನಾನು ಯಾಕೆ ಉಳಿಸಿಕೊಂಡಿದ್ದೆ ಎಲ್ಲವನ್ನೂ ಕೆಳಗೆ ಬರೆದು ನಿನ್ನೆಯೇ ಕೊಟ್ಟು ಬಂದೆ.

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಮನೆಗೆ ಬಂದರೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪ್ರಬಂಧದಿಂದ ತೆಗೆದರೇನು, ನೀನು ಅದನ್ನೇ ಅಪ್ಪನ ಮಾತು ಎಂದು ನಂಬಿ ನೆಮ್ಮದಿಯಾಗಿದ್ದೀಯ. ಸುಮ್ಮನಿದ್ದುಬಿಡೋಣ, ಮಗು ಸಮಾಧಾನವಾಗಿರಲಿ ಅಂತಲೂ ಅನ್ನಿಸಿತು. ಆದರೆ ಇನ್ನು ಪ್ರತಿ ಸಲ ನೀನು ಆ ಮಾತು ಎತ್ತಿದಾಗಲೂ ನಾನು ಹೂಂ ಎನ್ನಬೇಕಲ್ಲ.

ಕೋಪ ಬಂದರೆ ಬೈದುಬಿಡು. ಮಾತು ಮಾತ್ರ ಬಿಡಬೇಡ.

ನಿನ್ನ
ಅಮ್ಮ

ತಾ.ಕ.: ಹಾಗಾದರೆ ಅಪ್ಪ ಕೊನೆಗೆ ಏನಂದರು ಎಂದು ನೀನು ಕೇಳಿಯೇ ಕೇಳುತ್ತೀಯ. ನನಗೆ ಗೊತ್ತಿಲ್ಲ ಪುಟ್ಟಿ. ಅವರು ಹೋಗುವಾಗ ಪಕ್ಕದಲ್ಲೇ ಇದ್ದೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ, ಇರಲಿಲ್ಲ. ಕೆಳಗೆ ಕ್ಯಾಂಟೀನಿನಲ್ಲಿದ್ದೆ. ಅವರೇ ಕಳಿಸಿದ್ದು. “ಬೆಳಗ್ಗಿಂದ ಏನೂ ತಿಂದಿಲ್ಲ ನೀನು, ಹೋಗಿ ಟೀ ಕುಡ್ಕೊಂಡು ಬಾ. ನಾನೇನು ಓಡಿಹೋಗ್ತೀನಾ?” ಅಂದಿದ್ದರು.