ತೀರ್ಪಿಗೆ ಮೊದಲೇ ಬಂದ ಅಭಿನಂದನೆ

ಪ್ರೀತಿಯ ಬಾಬಾ,

ಇವತ್ತು ಇರ್ಬಿದ್‌ನ ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಇತ್ತು. ಫೇಸ್‌ಬುಕ್ ಸುದ್ದಿಯನ್ನು ನಮ್ಮ ಪತ್ರಕರ್ತರು ವಿಚಾರಿಸದೆ ಪ್ರಕಟಿಸುವುದೇ ನನ್ನ ವಿಷಯ. ಪರೀಕ್ಷಕರು ಒಳಗೆ ಚರ್ಚಿಸುತ್ತಿದ್ದಾಗಲೇ ನನ್ನ ಪ್ರೀತಿಯ ಅತ್ತೆ, 'ಸೊಸೆ ಡಾಕ್ಟರ್ ಆದಳು' ಎಂದು ಫೇಸ್‌ಬುಕ್ಕಿಗೆ ಹಾಕಿ ಕುನಾಫಾ ಸಿಹಿ ಹಂಚಿಬಿಟ್ಟರು.

ಹೊರಬಂದ ಪರೀಕ್ಷಕ ಪ್ರೊಫೆಸರ್ ಗಸ್ಸಾನ್ ಮೊಬೈಲಿನಲ್ಲಿ ಅತ್ತೆಯ ಪೋಸ್ಟ್ ತೋರಿಸಿದರು. "ನೀನು ಪಾಸಂತಲ್ಲಮ್ಮ. ಇನ್ನೂರು ಜನ ಲೈಕ್ ಮಾಡಿದಾರೆ. ನಂಬ್ಲಾ?"

ಮದುವೆಯಾಗಿ ಹತ್ತೊಂಬತ್ತೇ ದಿನ. ಅತ್ತೆ ಎದುರಿಗೇ ಇದ್ದರು. ಆದರೂ ಹೇಳಿದೆ: "ನಂಬಬೇಡಿ ಸರ್. ನಮ್ಮಪ್ಪನೂ ಪತ್ರಕರ್ತರೇ; ಸತ್ತವರ ಮನೆಗೇ ಹೋಗಿ ಕೇಳದೆ ಒಂದು ಸಾವಿನ ಸುದ್ದಿನೂ ಬರೆದವರಲ್ಲ."

"ಹಾಗಾದ್ರೆ ನಮ್ಮ ಬಾಯಿಂದಲೇ ಕೇಳು. ಪಾಸು."

ಅತ್ತೆ ನನ್ನನ್ನು ತಬ್ಬಿಕೊಂಡೇ ಬೈದರು.

ನೀವು ಹಾಗೆ ಸುದ್ದಿ ವಿಚಾರಿಸಲು ಬಿಸಿಲಲ್ಲಿ ಹೊರಟಾಗ, 'ಒಂದು ಫೋನ್ ಸಾಕಲ್ಲ' ಎಂದು ನಗುತ್ತಿದ್ದವಳು ನಾನು. ಆದರೂ ಪ್ರತಿಸಲವೂ, 'ಬರ್ತೀಯಾ ಮಗಳೇ?' ಎಂದು ಕರೆಯುತ್ತಿದ್ದಿರಿ. ನಾನು ನಿಮ್ಮ ಜೊತೆ ಬಂದದ್ದು ಎರಡೇ ಸಲ. ಆ ಎರಡಕ್ಕೂ ಥ್ಯಾಂಕ್ಸ್, ಬಾಬಾ.