ನೂರ ತೊಂಬತ್ತೊಂಬತ್ತು ಬರಿ ಬೋರ್ಡು, ಒಂದು ಮೌಖಿಕ ಹೇಳಿಕೆ

ಯಾವ ಸರಕು ಆಮದು ಸುಂಕದ ಪಟ್ಟಿಯ ಯಾವ ಶೀರ್ಷಿಕೆಯಡಿ ಕೂರಬೇಕೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಅಣ್ಣ ಇದೇ ಇಪ್ಪತ್ತೆರಡನೇ ತಾರೀಖು ನಿಮ್ಮೆದುರು ಖುದ್ದಾಗಿ ಹಾಜರಾಗಿ ‘ಮೌಖಿಕ ಹೇಳಿಕೆ’ ಕೊಡಬೇಕೆಂದು ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಅಣ್ಣನಿಗೆ ಧ್ವನಿಪೆಟ್ಟಿಗೆ ಇಲ್ಲ. ಆರು ವರ್ಷದ ಹಿಂದೆ ಕಾಯಿಲೆ ಬಂದು ವೈದ್ಯರು ಅದನ್ನು ತೆಗೆದರು. ಅಂದಿನಿಂದ ಕುತ್ತಿಗೆಗೆ ಒಂದು ಪುಟ್ಟ ಯಂತ್ರ ಒತ್ತಿಕೊಂಡು, ಅದರ ಗುಂಯ್‌ಗುಡುವ ಸದ್ದನ್ನೇ ನಾಲಿಗೆಯಿಂದ ಮಾತಾಗಿ ತಿದ್ದಿಕೊಂಡು ಮಾತಾಡುತ್ತಿದ್ದ. ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡು ಸುಟ್ಟು ಐದು ತಿಂಗಳಾಯಿತು. ಅದಕ್ಕೆ ಬೇಕಾದ ಹೊಸ ಬೋರ್ಡು ಅದೇ ಐದು ತಿಂಗಳಿಂದ ನಿಮ್ಮ ಉಗ್ರಾಣದಲ್ಲಿದೆ. ಅದನ್ನು ಬಿಡಬೇಕೋ ಬೇಡವೋ ಎಂದು ನಿರ್ಧರಿಸಲು ಈಗ ಅಣ್ಣ ಬಂದು ಬಾಯಿಬಿಟ್ಟು ಹೇಳಬೇಕಂತೆ! ಈ ನೋಟಿಸು ಕಳಿಸಿದವರು ಕಡತ ಓದಿ ಕಳಿಸಿದರೋ, ಓದದೆ ಕಳಿಸಿದರೋ? ಯಾವುದಕ್ಕೆ ಹೆಚ್ಚು ಹೆದರಬೇಕೆಂದು ವಾರದಿಂದ ಯೋಚಿಸುತ್ತಿದ್ದೇನೆ.

ನಾನು ರಿಪೇರಿಯವನು. ಈ ಯಂತ್ರ ತಯಾರಿಸುತ್ತಿದ್ದ ಕಂಪನಿ ಬಾಗಿಲು ಮುಚ್ಚಿದ ಮೇಲೆ ಅದನ್ನು ಬಳಸುವ ನೂರೈವತ್ತು ಚಿಲ್ಲರೆ ಜನ ನನ್ನ ಅಂಗಡಿಗೇ ಬರುತ್ತಾರೆ. ಒಂದು ಬೋರ್ಡು ಹೆಚ್ಚೆಂದರೆ ವರ್ಷ ಬಾಳುತ್ತದೆ, ಆದ್ದರಿಂದ ಬೋರ್ಡುಗಳನ್ನು ಹೊರದೇಶದಲ್ಲಿ ಮುದ್ರಿಸಿ ತರಿಸುತ್ತಲೇ ಇರುತ್ತೇನೆ. ಮನೆಯಲ್ಲೇ ಮಾಡಲು ನೋಡಲಿಲ್ಲವೆಂದಲ್ಲ. ತಾಮ್ರದ ಹಾಳೆ, ಆ್ಯಸಿಡ್ಡು ಎಲ್ಲ ತಂದು ಮಾಡಿದ ಬೋರ್ಡು ಎರಡೇ ದಿನಕ್ಕೆ ಕೈಕೊಟ್ಟಿತು. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಕೈಯಲ್ಲಾಗುವ ಕೆಲಸವಲ್ಲ. ಬಂದ ಬರಿ ಬೋರ್ಡುಗಳ ಮೇಲೆ ಬಿಡಿಭಾಗಗಳನ್ನು ಬೆಸೆಯುವವರು ನನ್ನ ಅತ್ತಿಗೆ, ಅಂದರೆ ಇದೇ ಅಣ್ಣನ ಹೆಂಡತಿ. ಅವರಿಗೆ ನಕ್ಷೆ ಓದಲು ಬರುವುದಿಲ್ಲ. ಎಡಗಡೆ ಪೂರ್ತಿ ಬೆಸೆದ ಒಂದು ಮಾದರಿ ಬೋರ್ಡು ಇಟ್ಟುಕೊಂಡು, ನೋಡಿ ನೋಡಿ ಬಲಗಡೆಯದನ್ನು ಮುಗಿಸುತ್ತಾರೆ. ಬೆಸುಗೆ ಬಿಟ್ಟಿತೆಂದು ಇವತ್ತಿನವರೆಗೆ ಒಂದೂ ವಾಪಸು ಬಂದಿಲ್ಲ. ಈ ಮಾದರಿಗಾಗಿಯೇ ಪ್ರತಿ ಸಲವೂ ಇನ್ನೂರು ಬೋರ್ಡಿನ ಡಬ್ಬಿಯಲ್ಲಿ ನೂರ ತೊಂಬತ್ತೊಂಬತ್ತು ಬರಿಯವು, ಒಂದು ಕಾರ್ಖಾನೆಯಲ್ಲೇ ಬೆಸೆದದ್ದು. ಆ ಒಂದು ಎಲ್ಲಕ್ಕಿಂತ ಮೇಲಿರುತ್ತದೆ, ಅತ್ತಿಗೆ ಹುಡುಕಾಡಬಾರದೆಂದು.

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಅದಕ್ಕಾಗಿ ಕಾಯುವುದು ಬೇಡ. ಬರಿ ಬೋರ್ಡಿಗೆ ಒಂದು ಶೀರ್ಷಿಕೆ, ಬಿಡಿಭಾಗ ಕೂರಿಸಿದ ಬೋರ್ಡಿಗೆ ಇನ್ನೊಂದು. ಬಿಡಿಭಾಗ ಕೂರಿಸಿದ್ದು ಯಾವ ಯಂತ್ರದ್ದೋ ಆ ಯಂತ್ರದ ಜೊತೆ ಹೋಗುತ್ತದೆ. ಇದು ನನಗೆ ಗೊತ್ತಿತ್ತು. ಮಾದರಿಯನ್ನು ಬೇರೆ ಸಾಲಿನಲ್ಲಿ, ಮಾತು ಕಳೆದುಕೊಂಡವರ ಸಾಧನದ ಭಾಗವೆಂದು ಬರೆಯಬೇಕಿತ್ತು, ಬರೆಯಲಿಲ್ಲ. ಇನ್ನೂರನ್ನೂ ಒಟ್ಟಿಗೆ ಬರಿ ಬೋರ್ಡು ಎಂದೇ ನಮೂದಿಸಿದೆ. ಇನ್ನೂರರಲ್ಲಿ ಒಂದು ಸುಳ್ಳು. ಅದಕ್ಕೆ ಏನು ದಂಡವೋ ಹಾಕಿ, ಕಟ್ಟುತ್ತೇನೆ, ಆ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಬೇರೆ ಕಡೆ. ಇದಕ್ಕೆ ಮುಂಚೆ ನಾಲ್ಕು ಸಲ ಇದೇ ಡಬ್ಬಿ, ಇದೇ ಇನ್ನೂರು, ಮೇಲೆ ಇದೇ ಮಾದರಿ, ನಿಮ್ಮ ಕಚೇರಿಯಿಂದಲೇ ಹಾದು ಬಂದಿದೆ. ಆಗ ಯಾರ ಕಣ್ಣಿಗೂ ಬೀಳದ ಮಾದರಿ ಐದನೇ ಸಲ ಹೇಗೆ ಬಿತ್ತು? ವ್ಯತ್ಯಾಸ ಒಂದೇ. ಆ ನಾಲ್ಕು ಸಲವೂ ಕಾಗದಪತ್ರ ಸಲ್ಲಿಸಿದ್ದು ನಿಮ್ಮ ಎರಡನೇ ಮಹಡಿಯ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವ ಏಜೆಂಟು. ಈ ಸಲ, ಸ್ವಂತವಾಗಿಯೇ ಸಲ್ಲಿಸಬಹುದು ಎಂಬ ನಿಮ್ಮದೇ ಫಲಕವನ್ನು ನಂಬಿ, ನಾನೇ ಸಲ್ಲಿಸಿದೆ. ಬೆಳಿಗ್ಗೆ ಹತ್ತೂವರೆಗೆ ಅದೇ ಕುರ್ಚಿಯ ಮುಂದೆ ಹಾದುಹೋದಾಗ ಅವರು ಮೊಬೈಲಿನಿಂದ ತಲೆ ಎತ್ತದೆ, “ನಿಮ್ದು ಈ ಸಲ ಬೇರೆ ಶೀರ್ಷಿಕೆಗೆ ಹೋಗುತ್ತೆ ಬಿಡಿ,” ಅಂದರು. ಡಬ್ಬಿ ತೆರೆದದ್ದು ಮಧ್ಯಾಹ್ನ ಮೂರು ಗಂಟೆಗೆ. ಮುಚ್ಚಿದ ಡಬ್ಬಿಯೊಳಗೆ ಏನಿದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಬೆಳಿಗ್ಗೆಯೇ ಬಲ್ಲ ಮನುಷ್ಯ ನಿಮ್ಮ ಕಚೇರಿಯ ಹೊರಗೇಕೆ ಕೂತಿದ್ದಾರೆ? ಒಳಗೇ ಒಂದು ಮೇಜು ಹಾಕಿಸಿಕೊಡಬಾರದೇ? ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ, ನನ್ನ ಹತ್ತಿರ ಸಾಕ್ಷಿಯೂ ಇಲ್ಲ. ಗಡಿಯಾರ ನೋಡಿಕೊಂಡೆ, ಅಷ್ಟೆ.

ತಪಾಸಣೆಯ ಕತೆಯನ್ನೂ ಕೇಳಿ. ಬರಿ ಬೋರ್ಡುಗಳನ್ನು ಲಕೋಟೆಯಲ್ಲಿಟ್ಟು, ಒಳಗಿನ ಗಾಳಿಯನ್ನು ಹೀರಿ ತೆಗೆದು ಮುಚ್ಚಿರುತ್ತಾರೆ. ತೇವ ತಾಗಿದರೆ, ಬೆವರಿದ ಬೆರಳು ತಾಗಿದರೆ ಅದರ ಮೇಲೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಇಷ್ಟನ್ನು ನಾನು ಹೇಳುತ್ತಿರುವಾಗಲೇ ನಿಮ್ಮ ಪರಿಶೀಲಕರು ಬ್ಲೇಡಿನಿಂದ ಲಕೋಟೆ ಸೀಳಿ, ಹತ್ತಾರು ಬೋರ್ಡುಗಳನ್ನು ಇಸ್ಪೀಟಿನೆಲೆಯಂತೆ ಕೈಯಲ್ಲಿ ಹರಡಿಕೊಂಡರು. ಕೈಗವಸು ಕೊಡಲು ಹೋದೆ. ಏನನ್ನು ಮುಚ್ಚಿಡಲು ನೋಡುತ್ತಿದ್ದೀಯ ಎನ್ನುವ ಹಾಗೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮಾದರಿ ಬೋರ್ಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಏನು ಕೇಳಿಸಿತೋ ಏನೋ, ವಾರದೊಳಗೆ ಪತ್ರ ಬಂತು: ಇದು ಧ್ವನಿವರ್ಧಕದ ಭಾಗ. ನಾನು ಉತ್ತರ ಬರೆದೆ, ಮಾದರಿಯ ವಿಷಯ ಬಿಡಿಸಿ ಹೇಳಿದೆ, ತಪ್ಪೊಪ್ಪಿಕೊಂಡೆ, ಯಂತ್ರ ಬಳಸುವವನೆಂದು ಅಣ್ಣನ ಹೆಸರು, ಅವನ ಕಾಯಿಲೆಯ ವಿವರವನ್ನೂ ಕೊಟ್ಟೆ. ಎರಡನೇ ಪತ್ರ: ಇದು ನಿಸ್ತಂತು ಪ್ರಸಾರ ಸಾಧನದ ಭಾಗವೆಂಬ ‘ಸಂಶಯವಿದೆ’, ಪರವಾನಗಿ ತೋರಿಸಿ. ಮೂರನೆಯದು, ಬಳಸುವವನೇ ಬಂದು ಹೇಳಲಿ ಎಂಬ ಈ ನೋಟಿಸು. ನಾನು ಒಪ್ಪಿಕೊಂಡದ್ದು ಒಂದು ಬೋರ್ಡಿನ ವಿಷಯ. ನೀವು ಅದನ್ನು ಇನ್ನೂರಕ್ಕೂ ಹಚ್ಚಿದಿರಿ. ಬೋರ್ಡು ಬದಲಾಗಿಲ್ಲ, ಎರಡು ಸಲ ಅದರ ಜಾತಕ ಮಾತ್ರ ಬದಲಾಗಿದೆ. ಮೂರನೇ ಸಲ ಆಟಿಕೆಯ ಪಿಪೀ ಎಂದರೂ ನನಗೆ ಆಶ್ಚರ್ಯವಾಗುವುದಿಲ್ಲ.

ಈಗ ಅಣ್ಣನ ಮಾತಿಗೆ ಬರುತ್ತೇನೆ. ಅವನು ದರ್ಜಿ. ನನ್ನ ಅಂಗಡಿಗೂ ಅವನದಕ್ಕೂ ಮಧ್ಯೆ ಒಂದೇ ಗೋಡೆ. ಅಳತೆ ತೆಗೆಯುವಾಗ ಅವನು ಕೂಗುತ್ತಿದ್ದ, ಅತ್ತಿಗೆ ಬರೆದುಕೊಳ್ಳುತ್ತಿದ್ದರು. ಆ ಯಂತ್ರದ ದನಿ ಗೋಡೆ ದಾಟಿ ಬರುತ್ತಿತ್ತು, ಓಣಿಯ ಮಕ್ಕಳು ಅವನನ್ನು ದುಂಬಿ ಮಾಮ ಎಂದೇ ಕರೆಯುತ್ತಿದ್ದರು. ಈಗ ದರ್ಜಿಯ ಸೀಮೆಸುಣ್ಣದಲ್ಲಿ ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆಯುತ್ತಾನೆ. ಗಿರಾಕಿಗಳು ಅವನನ್ನು ಬಿಟ್ಟು ಅತ್ತಿಗೆಯ ಮುಖ ನೋಡಿ ಮಾತಾಡುತ್ತಾರೆ, ಕಿವಿಯೂ ಹೋಗಿದೆ ಅನ್ನುವ ಹಾಗೆ. ಗಂಡಹೆಂಡಿರ ಜಗಳ ಕೂಡ ನಿಂತುಹೋಗಿದೆ. ಅವನು ಬರೆದು ಮುಗಿಸುವಷ್ಟರಲ್ಲಿ ಅತ್ತಿಗೆ ಒಳಗೆ ಹೋಗಿಬಿಟ್ಟಿರುತ್ತಾರೆ. ಮೊದಮೊದಲು ಇದಕ್ಕೆ ನಕ್ಕೆವು. ಈಚೆಗೆ ಅವನು ಬರೆಯುವುದನ್ನೂ ಕಡಿಮೆ ಮಾಡಿದ್ದಾನೆ. ಬೇಕಾದರೆ ಕತ್ತರಿಯನ್ನು ಮೇಜಿಗೆ ಕುಟ್ಟುತ್ತಾನೆ. ಇದರಲ್ಲಿ ನನ್ನದೂ ಒಂದು ಪಾಲಿದೆ. ಹಳೆಯ ದಾಸ್ತಾನಿನ ಕೊನೆಯ ಬೋರ್ಡನ್ನು, ಅಂದರೆ ಅತ್ತಿಗೆಯ ಹಳೆಯ ಮಾದರಿಯನ್ನೇ, ಹೇಗೂ ಮುಂದಿನ ವಾರ ಹೊಸವು ಬರುತ್ತವಲ್ಲ ಎಂದು, ಒಬ್ಬ ಮೇಷ್ಟರ ಯಂತ್ರಕ್ಕೆ ನಾನೇ ಹಾಕಿಕೊಟ್ಟೆ. ಮೂರನೇ ದಿನ ಅಣ್ಣನದು ಸುಟ್ಟಿತು. ಅವನು ಇದುವರೆಗೆ ನನ್ನನ್ನು ಒಂದು ಮಾತೂ ಅಂದಿಲ್ಲ. ಅನ್ನುವ ಹಾಗೂ ಇಲ್ಲ.

ನೋಟಿಸನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟರು. ಆಮೇಲೆ ಇಷ್ಟೇ ಅಂದರು: “ಮೇಲಿರೋ ಆ ಒಂದು ಬೋರ್ಡು ಪೂರ್ತಿ ಬೆಸೆದಿದೆಯಲ್ವಾ. ಅದನ್ನ ಅಲ್ಲೇ ಕೊಡ್ಲಿ, ಅಲ್ಲೇ ಹಾಕ್ತೀನಿ. ಹತ್ತು ನಿಮಿಷ ಸಾಕು. ಆಮೇಲೆ ಏನು ಬೇಕಾದ್ರೂ ಕೇಳ್ಕೊಳ್ಲಿ ಇವರನ್ನ.”

ಐದು ತಿಂಗಳಲ್ಲಿ ಈ ಕಡತದ ಬಗ್ಗೆ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಉಳಿದ ನೂರ ತೊಂಬತ್ತೊಂಬತ್ತನ್ನು ಬರಿ ಬೋರ್ಡುಗಳೆಂದು ಒಪ್ಪಿಕೊಳ್ಳುವುದಾದರೆ ಒಪ್ಪಿ, ಇಲ್ಲವೆಂದರೆ ಯಾವ ಕಾರಣಕ್ಕೆ ಇಲ್ಲವೆಂದು ಸಹಿ ಹಾಕಿದ ಕಾಗದದಲ್ಲಿ ಬರೆದುಕೊಡಿ. ನಾನು ಮೇಲ್ಮನವಿ ಸಲ್ಲಿಸುತ್ತೇನೆ. ಆದರೆ ಇಪ್ಪತ್ತೆರಡರಂದು ಅಣ್ಣನ ಹೇಳಿಕೆ ಬೇಕೇ ಬೇಕೆನ್ನುವುದಾದರೆ, ಮಾದರಿ ಬೋರ್ಡನ್ನು ಉಗ್ರಾಣದಿಂದ ತರಿಸಿ ನಿಮ್ಮ ಮೇಜಿನ ಮೇಲಿಡಿ. ಅತ್ತಿಗೆ ಸ್ಕ್ರೂಡ್ರೈವರ್ ತರುತ್ತಾರೆ, ಬೆಸುಗೆ ಕಡ್ಡಿಗೆ ಒಂದು ಪ್ಲಗ್ ಪಾಯಿಂಟ್ ತೋರಿಸಿದರೆ ಸಾಕು. ಇದು ಯಾವ ಸಾಧನದ ಭಾಗವೆಂಬ ನಿಮ್ಮ ಸಂಶಯವೂ ಅಲ್ಲೇ ಪರಿಹಾರವಾಗುತ್ತದೆ. ಮುಗಿದ ಮೇಲೆ ಬೋರ್ಡು ಮರಳಿ ಬೇಕೆನಿಸಿದರೆ, ಅವನ ಕುತ್ತಿಗೆಯಿಂದ ನೀವೇ ನಿಮ್ಮ ಕೈಯಾರೆ ತೆಗೆದುಕೊಳ್ಳಬೇಕಾಗುತ್ತದೆ. ನಾವ್ಯಾರೂ ತೆಗೆದುಕೊಡುವುದಿಲ್ಲ.

ಐದು ತಿಂಗಳ ಮೇಲೆ ಅಣ್ಣ ಆಡುವ ಮೊದಲ ಮಾತು ಅತ್ತಿಗೆಯ ಜೊತೆ ಆಗಬೇಕಿತ್ತು. ನಿಮ್ಮ ಜೊತೆ ಆಗುತ್ತದೆ. ದಯವಿಟ್ಟು ಆ ಹೊತ್ತಿನಲ್ಲಿ ಯಾರೂ ಫೋನು ನೋಡಿಕೊಂಡು ಕೂರಬೇಡಿ.

ಇಂತಿ,
ಅಣ್ಣನ ಪಾಲಿನ ಮಾತನ್ನೂ ತಾನೇ ಆಡಬೇಕಾಗಿ ಬಂದಿರುವ,
ಇನ್ನೂರರಲ್ಲಿ ಒಂದು ತಪ್ಪು ಮಾಡಿದ ರಿಪೇರಿಯವನು