ಬಲಗಿವಿ

ರಾಯಬಾಗ
ಶುಕ್ರವಾರ, 21 ಫೆಬ್ರುವರಿ 2025

ವಿಕ್ರಾಂತ ಅವರಿಗೆ ನೀಲಮಳ ಜೈಭೀಮ.

ಭಾನುವಾರದ ಬಾಕ್ಸಿಂಗಿಗೆ ನನಗೂ ಪೂನಮಳಿಗೂ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿಸಿದ್ದೀರಿ ಅಂತ ಹೇಳಿ ಹೋದಿರಲ್ಲ, ಅದಕ್ಕೆ ಈ ಉತ್ತರ. ನಾವು ಬರುವುದಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತಾಡುತ್ತೀರಿ, ಉಳಿದವರು ಕೇಳುತ್ತಾರೆ. ಕಾಗದದಲ್ಲಿ ಆ ತೊಂದರೆ ಇಲ್ಲ.

ಆಡಬೇಡಿ ಅಂತಲೂ ನಾನು ಬರೆಯುವುದಿಲ್ಲ. ಬೇಡ ಅಂದದ್ದನ್ನೆಲ್ಲ ಹಟಕ್ಕೆ ಬಿದ್ದು ಮಾಡಿದವರು ನೀವು. ನನ್ನನ್ನು ಮದುವೆಯಾದದ್ದೂ ಅದರಲ್ಲೊಂದು.

ಇಲ್ಲಿ ಎಲ್ಲ ಆರಾಮ. ಈ ತಿಂಗಳು ನನಗೆ ಚಿಕ್ಕೋಡಿ ರೂಟು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತದೆ, ಜನ ಡ್ರೈವರನನ್ನು ಬಿಟ್ಟು ಕಂಡಕ್ಟರ್ ಆದ ನನ್ನನ್ನು ಬೈಯುತ್ತಾರೆ. ಪೂನಮ ಪಿಯುಸಿಗೆ ಹೋಗುತ್ತಾಳೆ. ಎತ್ತರ ನಿಮ್ಮದೇ. ಮಾತು ಕಡಿಮೆ, ಅದು ಯಾರಿಂದ ಬಂತೋ ಗೊತ್ತಿಲ್ಲ.

ನಿಮ್ಮ ಊರಿನ ಬ್ಯಾನರಿನ ಫೋಟೊ ಅವಳ ಮೊಬೈಲಿಗೆ ಬಂದಿತ್ತು. ಹುಲಿ ಅಂತ ಬರೆಸಿದ್ದಾರೆ, ಪಕ್ಕದಲ್ಲಿ ಹಲ್ಲು ಬೀಳುವುದಕ್ಕಿಂತ ಮುಂಚಿನ ನಿಮ್ಮ ಚಿತ್ರ. ಕೆಳಗೆ ಊರ ಕುಸ್ತಿ ತಾಲೀಮಿನ ಹೆಸರು. ಕುಸ್ತಿ ಕಲಿಯಲು ಹೋದ ನಿಮ್ಮನ್ನು ನಮ್ಮ ಜಾತಿಯವರ ಗಲ್ಲಿಯ ಹುಡುಗನೆಂದು ಹೊಸ್ತಿಲಾಚೆಯೇ ನಿಲ್ಲಿಸಿದ ತಾಲೀಮು ಅದು. ಒಳಗಿನ ಕೆಂಪುಮಣ್ಣಿನಲ್ಲಿ ಪೈಲ್ವಾನರು ತೊಡೆ ತಟ್ಟುವುದನ್ನು ನೀವು ಕಿಟಕಿಯ ಸರಳು ಹಿಡಿದು ನೋಡಿ ಕಲಿತಿರಿ. ಆಮೇಲೆ ಮಿಲಿಟರಿಯಿಂದ ನಿವೃತ್ತರಾಗಿ ನಿಪ್ಪಾಣಿಗೆ ಬಂದಿದ್ದ ಆಬಾಸಾಹೇಬ ಸರ್ ನಿಮ್ಮ ಕೈಗೆ ಗ್ಲೌಸು ಕಟ್ಟಿ, ಈ ಆಟಕ್ಕೆ ಯಾರ ಮಣ್ಣೂ ಬೇಕಾಗಿಲ್ಲ ಅಂದರಂತೆ. ಈಗ ಅದೇ ತಾಲೀಮಿನವರು ತಮ್ಮ ಕುಸ್ತಿ ಕಣದಲ್ಲಿ ನಿಮಗಾಗಿ ರಿಂಗ್ ಕಟ್ಟಿಸುತ್ತಿದ್ದಾರೆ. ಅಲ್ಲಿ, ಅವರ ಕಣ್ಣೆದುರು ಗೆಲ್ಲಬೇಕು ಅನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಅನಿಸುತ್ತಿತ್ತು. ಆದರೆ ರಿಂಗನ್ನು ಹಲಗೆಯ ಮೇಲೆ ಕಟ್ಟುತ್ತಾರೆ. ನಿಮ್ಮ ಕಾಲು ಈಗಲೂ ಆ ಮಣ್ಣಿಗೆ ತಾಗುವುದಿಲ್ಲ. ಇದನ್ನು ನೀವು ಯೋಚಿಸಿರಲಿಕ್ಕಿಲ್ಲ.

ನೀವು ಬೇಗ ಮೇಲೆ ಬಂದಿರಿ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬೆಳಗಾವಿಯ ಮೊದಲ ಪಂದ್ಯದಲ್ಲಿ ಗಂಟೆ ಹೊಡೆಯುವ ಮೊದಲೇ ಪೈಲ್ವಾನರ ಹಾಗೆ ತೊಡೆ ತಟ್ಟಿ ರೆಫರಿಯಿಂದ ಬೈಸಿಕೊಂಡಿರಿ, ಜನ ಸೀಟಿ ಹೊಡೆದರು. ಆಮೇಲೆ ರಾಜ್ಯದ ಪದಕ, ದೇಶದ ಪದಕ, ಸ್ಪೋರ್ಟ್ಸ್ ಕೋಟಾದಲ್ಲಿ ಸರಕಾರಿ ನೌಕರಿ. ಎಲ್ಲಿ ಮೈಕು ಕಂಡರೂ ಕಸಿದುಕೊಂಡು, "ಯಾಂವ ಅದಾನ ಬರ್ರಿ, ನಿಂತಲ್ಲೇ ಮಲಗಸ್ತೇನಿ" ಅನ್ನುತ್ತಿದ್ದಿರಿ. ಅದೇ ಧ್ವನಿಯಲ್ಲಿ ಸಾಹೇಬರಿಗೆ ಎದುರಾಡಿ, ಕೊನೆಗೊಮ್ಮೆ ಕೆನ್ನೆಗೂ ಬಿಗಿದು ನೌಕರಿ ಕಳೆದುಕೊಂಡಿರಿ. ಮುಂದೆ ಮುಂಬೈ, ಪುಣೆಯ ಹೋಟೆಲುಗಳಲ್ಲಿ ಊಟ ಮಾಡುವವರ ನಡುವೆ ಆಟ. ಪೋಸ್ಟರಿನಲ್ಲಿ ಮೊದಲು ನಿಮ್ಮ ಹೆಸರು ದೊಡ್ಡದಿತ್ತು, ಆಮೇಲೆ ಎದುರಾಳಿಯದು ದೊಡ್ಡದಾಯಿತು. ಈಗ ಕೊಗನೊಳ್ಳಿಯ ಹೆದ್ದಾರಿ ಬಾರಿನ ಬಾಗಿಲಲ್ಲಿ ನಿಂತು ಕುಡಿದವರನ್ನು ಎತ್ತಿ ಹೊರಗಿಡುತ್ತೀರಿ. ಅದೂ ಕೆಲಸವೇ, ನಾನು ಕೀಳು ಅನ್ನುತ್ತಿಲ್ಲ.

ನಿಮ್ಮ ಗಂಟಲನ್ನು ಜನ ಸೊಕ್ಕು ಅಂದರು. ನಾನೂ ಹಾಗೇ ತಿಳಿದಿದ್ದೆ. ಮದುವೆಯಾಗಿ ಬಂದ ಮರುದಿನ ಅತ್ತೆಗೆ ಚಹಾ ಕೊಡುತ್ತ ಏನೋ ಕೇಳಿದೆ. ಅವರು ನನ್ನ ಕೈ ಹಿಡಿದು ಈಚೆ ಸರಿಸಿದರು. "ಎಡಗಡೆ ನಿಂತ ಮಾತಾಡವ್ವಾ. ಬಲಗಿವಿ ನಿಮ್ಮ ಮಾವಗ ಕೊಟ್ಟೇನಿ" ಅಂದರು. ತಂಬಾಕಿನ ಗೋದಾಮಿನಿಂದ ತಡವಾಗಿ ಬಂದಳೆಂದು ಮಾವ ರಾವಸಾಹೇಬ ಹೊಡೆದ ಒಂದೇ ಏಟಿಗೆ ಆ ಕಿವಿ ಹೋಗಿತ್ತು, ನೀವು ಆಗ ತೊಟ್ಟಿಲಲ್ಲಿದ್ದಿರಿ. ಹಸಿವಾಯಿತೆಂದರೂ ಕೂಗಿ ಹೇಳಬೇಕಾದ ಮನೆಯಲ್ಲಿ ಬೆಳೆದವರು ಮೆಲ್ಲಗೆ ಮಾತಾಡುವುದನ್ನು ಎಲ್ಲಿ ಕಲಿಯಬೇಕು?

ಪುಣೆಯಲ್ಲಿ ಸೋತು ಬಂದ ದಿನ ನೀವು ಅಡುಗೆಮನೆಯ ಗೋಡೆಗೆ ಗುದ್ದಿದಿರಿ. ನನ್ನ ಮೇಲೆ ಯಾವತ್ತೂ ಕೈ ಮಾಡಿಲ್ಲ. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ, ಯಾರೂ ನಂಬುವುದಿಲ್ಲ. ಆದರೆ ಗೋಡೆಯ ಸಿಮೆಂಟು ಉದುರಿದಾಗ ಪುಟ್ಟ ಪೂನಮ ಓಡಿ ಬಂದು ತನ್ನ ಕಿವಿ ಮುಚ್ಚಿಕೊಳ್ಳಲಿಲ್ಲ, ನನ್ನ ಕಿವಿ ಮುಚ್ಚಿದಳು. ಅಜ್ಜಿಯ ಕತೆ ಅವಳಿಗೆ ಗೊತ್ತಿತ್ತು. ಅವತ್ತೇ ಅವಳನ್ನು ಕರೆದುಕೊಂಡು ಇಲ್ಲಿಗೆ ಬಂದೆ. ಬಂದದ್ದು ಸರಿ ಅಂತಲೇ ಈಗಲೂ ನನಗೆ ಅನಿಸುತ್ತದೆ.

ಅತ್ತೆ ಆಸ್ಪತ್ರೆಯಲ್ಲಿದ್ದ ಕೊನೆಯ ದಿನ ನರ್ಸು ನಿಮಗೆ ಬಾಯಿ ಮುಚ್ಚಿ ಅಂದಳು. ನೀವು ಕೇಳಲಿಲ್ಲ. ಅವರ ಎಡಗಿವಿಗೆ ಬಾಯಿಟ್ಟು, ಮನೆಗೆ ಕರಕೊಂಡು ಹೋಗ್ತೇನಿ ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಹೇಳುತ್ತಲೇ ಇದ್ದಿರಿ. ಬಾಗಿಲಲ್ಲಿ ನಿಂತಿದ್ದ ನನಗೆ ನಿಮ್ಮ ಮೇಲಿದ್ದ ಸಿಟ್ಟು ಇಳಿದುಹೋಯಿತು. ಅದನ್ನು ನಿಮಗೆ ಹೇಳಲಿಲ್ಲ, ಹೇಳಿದ್ದರೆ ಮೈಕಿನಲ್ಲಿ ಸಾರುತ್ತಿದ್ದಿರಿ.

ಇನ್ನು ಹೋದ ವಾರದ ವಿಷಯ. ಕುರ್ಚಿಯ ಸುದ್ದಿ ಹೇಳಲೆಂದು ನೀವು ಚಿಕ್ಕೋಡಿಯಲ್ಲಿ ನನ್ನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿರಿ. ನಾನು ನಿಮ್ಮ ಬಲಗಡೆ ಬಂದು, ಎಲ್ಲರನ್ನೂ ಕೇಳುವ ಹಾಗೆ ನಿಮ್ಮನ್ನೂ ಎಲ್ಲಿಗ್ರಿ ಅಂತ ಕೇಳಿದೆ. ನೀವು ತಿರುಗಲಿಲ್ಲ. ಬೇಕಂತಲೇ ಸತಾಯಿಸುತ್ತಿದ್ದೀರಿ ಅಂದುಕೊಂಡು ಇನ್ನೊಮ್ಮೆ ಜೋರಾಗಿ ಕೇಳಿದೆ. ಪಕ್ಕದ ಅಜ್ಜ ನಿಮ್ಮ ಮೊಣಕೈ ತಿವಿದ. ಆಗ ನೀವು ಇಡೀ ಮುಖ ತಿರುಗಿಸಿ, ಎಡಗಿವಿ ಮುಂದೆ ಮಾಡಿ, ಬಾಯಿ ತುಸು ತೆರೆದು ನನ್ನ ತುಟಿ ನೋಡಿದಿರಿ. ಅತ್ತೆಯೇ ಎದ್ದು ಬಂದು ಕೂತ ಹಾಗಾಯಿತು. ನನ್ನ ಕೈಯಲ್ಲಿದ್ದ ಚಿಲ್ಲರೆ ಕೆಳಗೆ ಬಿತ್ತು.

ಡಾಕ್ಟರು ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಕುದುರೆಯ ಹಾಗಿದ್ದೇನೆ ಅಂತ ನೀವು ಕೂಗಿ ಹೇಳಿದಿರಿ, ಇಡೀ ಬಸ್ಸು ನಕ್ಕಿತು. ಆ ಡಾಕ್ಟರು ನಿಮ್ಮ ಎದುರು ಕೂತು ಮಾತಾಡಿರುತ್ತಾರೆ. ಎದುರಿನವರ ತುಟಿ ಓದುವುದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಬರುವ ವಿದ್ಯೆ. ರಾಯಬಾಗ ಬರುವಷ್ಟರಲ್ಲಿ ನಾನು ನಿಮ್ಮ ಹಿಂದಿನಿಂದ ಬಲಗಡೆ ಬಂದು ವಿಕ್ರಾಂತ ಅಂತ ಕರೆದೆ. ಮದುವೆಯಾದಾಗಿನಿಂದ ನಿಮ್ಮ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನೀವು ಕಬ್ಬಿನ ಹೊಲ ನೋಡುತ್ತ ಕೂತಿದ್ದಿರಿ.

ಚಿಕ್ಕೋಡಿಯಲ್ಲಿ ಕಿವಿಯ ಡಾಕ್ಟರರೊಬ್ಬರನ್ನು ವಿಚಾರಿಸಿದೆ. ನಿಮ್ಮ ಹೆಸರು ಹೇಳಲಿಲ್ಲ. ಏಟು ತಿಂದು ತಿಂದು ಕಿವಿ ಹೋಗಿದೆ ಅಂದರೆ ಒಳಗೆ ತಲೆಗೂ ಪೆಟ್ಟಾಗಿರಬಹುದು, ಇನ್ನೊಂದು ಜೋರಾದ ಏಟು ಬಿದ್ದರೆ ಮನುಷ್ಯ ಮೇಲೇಳುತ್ತಾನೆಂದು ಹೇಳಲಾಗದು ಅಂದರು. ಭಾನುವಾರ ನಿಮ್ಮೆದುರು ನಿಲ್ಲುವ ಹುಡುಗನಿಗೆ ಇಪ್ಪತ್ತೆರಡು ವರ್ಷವಂತೆ. ಅವನಿಗೆ ಇದೆಲ್ಲ ಗೊತ್ತಿಲ್ಲ, ಅವನು ಹೊಡೆಯುತ್ತಾನೆ.

ನನಗೆ ಹೆದರಿಕೆಯಾಗಿದೆ. ಬೇರೆಯಾದ ಮೇಲೂ ಆಗುತ್ತದೆ ಅಂತ ಗೊತ್ತಿರಲಿಲ್ಲ. ಇಷ್ಟೇ ಬರೆಯಬೇಕಾಗಿತ್ತು, ಕುರ್ಚಿಯ ನೆಪದಲ್ಲಿ ಇಷ್ಟುದ್ದವಾಯಿತು.

ಊಟ ಸರಿಯಾಗಿ ಮಾಡಿ.

ನೀಲಮ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕಿಲ್ಲ, ಪೂನಮಳ ಕೈಯಲ್ಲಿ ಕಳಿಸಿದ್ದೇನೆ. ಕೊಡುವಾಗ ನಿಮ್ಮ ಬಲಗಡೆ ನಿಂತು, ಮೆಲ್ಲಗೆ ಒಂದು ಪ್ರಶ್ನೆ ಕೇಳು, ಉತ್ತರ ಬರದಿದ್ದರೆ ಹೊರಗೆ ಹೋಗಿ ಕಾಯು ಅಂತ ಹೇಳಿದ್ದೆ. ಏನು ಕೇಳಬೇಕೆಂದು ನಾನು ಹೇಳಿಕೊಡಲಿಲ್ಲ, ತನಗೆ ಬೇಕಾದದ್ದನ್ನೇ ಕೇಳಿರುತ್ತಾಳೆ. ಅದು ನಿಮ್ಮ ಕಿವಿಗೆ ಬಿದ್ದಿದ್ದರೆ ನಾನು ಬರೆದದ್ದೆಲ್ಲ ಸುಳ್ಳು. ಭಾನುವಾರ ಆಡಿ, ಮುಂದಿನ ಸಾಲಿಗೆ ನಾನೂ ಬಂದು ಕೂಡುತ್ತೇನೆ. ಬಿದ್ದಿರದಿದ್ದರೆ ಅವಳು ಇನ್ನೂ ಹೊರಗೆ ಉತ್ತರಕ್ಕೆ ಕಾಯುತ್ತಿದ್ದಾಳೆ. ಒಳಗೆ ಕರೆಯಿರಿ. ಎಡಗಡೆ ನಿಲ್ಲಿಸಿಕೊಳ್ಳಿ.